ನಮ್ ಕಡಿ ಮಂದಿ ಕಿಡ್ನಿ ಸ್ಟಡಿಗೆ ಯಾಕ ಸೇರವಲ್ರು? ಪುಣೆ, ಮುಂಬೈ, ಗೋವಾದವ್ರು ಸ್ವಲ್ಪ ಹೇಳ್ರಿ

ಧಾರವಾಡದಾಕಿ (ಪುಣೆ) · ರಾತ್ರಿ 9:50

ಎಲ್ಲಾರಿಗೂ ನಮಸ್ಕಾರ್ರೀ. ಉದ್ದ ಆಗ್ತದ, ಚಾ ಹಿಡ್ಕೊಂಡು ಓದ್ರಿ.

ನಾನು ಪುಣೆದಾಗ ಒಂದು ದವಾಖಾನಿ ಕಿಡ್ನಿ ವಿಭಾಗದಾಗ ರಿಸರ್ಚ್ ಕೋಆರ್ಡಿನೇಟರ್. ಯಾವ ದವಾಖಾನಿ ಅಂತ ಕೇಳಬ್ಯಾಡ್ರಿ. ಪೇಶಂಟ್ ಮುಂದ ಕುಂತು ಸ್ಟಡಿ ಏನು ಎತ್ತ ಅಂತ ತಿಳಿಸಿ ಹೇಳೂದು, ಒಪ್ಪಿದ್ರ ಸಹಿ ತಗೊಳ್ಳೂದು, ಸ್ಯಾಂಪಲ್ ಕಳಸೂದು, ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಕರಸೂದು, ಇದು ನನ್ ಕೆಲ್ಸ. ಸ್ಟಡಿ ಅಂದ್ರ ಕಿಡ್ನಿ ಕಾಯಿಲೆ ಇದ್ದವ್ರ ರಕ್ತ, ಉಚ್ಚಿ ತಗೊಳ್ತೀವಿ, ಮತ್ತ ಡಾಕ್ಟ್ರು ಹೆಂಗೂ ಬಯಾಪ್ಸಿ (ಸೂಜಿ ಹಾಕಿ ಕಿಡ್ನಿದು ಸಣ್ಣ ಚೂರು ತಗದು ನೋಡೂದು) ಮಾಡೂದಿದ್ರ ಅದ ಹೊತ್ತಿಗೆ ನಮಗೂ ಒಂದು ಎಳಿ ಕೊಡ್ರಿ ಅಂತ ಕೇಳ್ತೀವಿ. ಯಾರ ಕಿಡ್ನಿ ಯಾವ ಕಾರಣಕ್ಕ ಕೆಡ್ತದ, ಯಾರಿಗೆ ಯಾವ ಗುಳಗಿ ನಾಟ್ತದ, ಅದನ್ನ ಬಿಡಿಸಿ ನೋಡೂದು. ಪ್ರಿಸಿಷನ್ ಮೆಡಿಸಿನ್ ಅಂತಾರಲ್ಲ, ಅದ.

ಸೇರಿದವ್ರ ಲಿಸ್ಟ್ ನೋಡಿದ್ರ ಕೋಥ್ರೂಡ್, ಔಂಧ್, ಬಾಣೇರ್, ಎಲ್ಲಾ ಓದಿದ ಮಂದಿ, ಫೈಲ್ ಒಳಗ ರಿಪೋರ್ಟು ತಾರೀಖಿನ ಪ್ರಕಾರ ಜೋಡಿಸಿಟ್ಕೊಂಡು ಬರೂವಂಥವ್ರು. ಆದ್ರ ಓಪಿಡಿ ಸಾಲಿನಾಗ ನಿಂತ್ರ ಕಿವಿಗೆ ಬೀಳೂದು ಕಲಬುರಗಿ, ಯಾದಗಿರಿ, ವಿಜಾಪುರ ಮಾತು. ಕಟ್ಟಡದ ಕೆಲಸದವ್ರು, ವಾಚಮನ್, ಮನಿ ಕೆಲಸದ ಹೆಣಮಕ್ಕಳು. ಮೂರು ತಿಂಗಳಾಗ ಇವ್ರಾಗ ಸಹಿ ಮಾಡಿದವ್ರು ಇಬ್ಬರ, ಅದರಾಗ ಒಬ್ಬರ ಫೋನ್ ಈಗ ಸ್ವಿಚ್ ಆಫ್.

ಹೋದ ವಾರದ್ದು ಹೇಳ್ತೀನಿ. ಅಫಜಲಪುರ ಕಡಿ ಅಜ್ಜ, ಮಗನ ಜೋಡಿ ಬಂದಿದ್ರು. ನಾನು ಕನ್ನಡ ಫಾರ್ಮ್ ಓದಾಕತ್ತಿದ್ದೆ, ಅದರಾಗ ಹಿಂಗ ಬರ್ದದ, "ತಮ್ಮ ಮೂತ್ರಪಿಂಡದ ಅಂಗಾಂಶದ ತುಣುಕೊಂದನ್ನು ಸಂಶೋಧನಾ ಉದ್ದೇಶಕ್ಕಾಗಿ ಹೊರತೆಗೆದು ಶೇಖರಿಸಲಾಗುವುದು". ಅಜ್ಜ ಕೈ ಅಡ್ಡ ಹಿಡದ್ರು. "ಯವ್ವಾ, ನಾ ಇನ್ನಾ ನಿನ್ ಮುಂದ ಕುಂತೀನಲ್ಲ, ಈಗ ಪಿಂಡದ ಮಾತ್ಯಾಕ?" ಮಗ ನಕ್ಕ, ನಾನೂ ನಕ್ಕೆ. ಅಜ್ಜ ನಗಲಿಲ್ಲ. ಹೆಬ್ಬೆಟ್ಟಿನ ಶಾಯಿ ಡಬ್ಬಿ ಒಂದೀಟು ನೋಡಿದ್ರು, ಮುಟ್ಟಲಿಲ್ಲ, ಆದ್ರೂ ಕೈ ಧೋತರಕ್ಕ ಒರಸ್ಕೊಂಡು ಎದ್ದು ಹೋದ್ರು.

ಅವತ್ತಿಂದ ತಲ್ಯಾಗ ಅದ ಕೊರಿಯಾಕತ್ತದ. ನಿಮ್ ಮನ್ಯಾಗ ಯಾರಿಗರ ಕಿಡ್ನಿ ತ್ರಾಸ ಇದ್ರ, ಇಂಥಾ ಸ್ಟಡಿಗೆ ಕರದಿದ್ರ, ಯಾಕ ಹೂಂ ಅಂದ್ರಿ, ಯಾಕ ಒಲ್ಲೆ ಅಂದ್ರಿ, ಮುಚ್ಚುಮರಿ ಇಲ್ದ ಹೇಳ್ರಿ.

ಮಾಟುಂಗಾ ಮಾಣಿ · 10:14

ಪಿಂಡದ ಕಥೆ ಓದಿ ಲೋಕಲ್ ಟ್ರೇನಲ್ಲಿ ಒಬ್ನೇ ನಗಾಡಿದೆ, ಎದುರು ಕೂತವರು ಒಂಥರಾ ನೋಡಿದ್ರು ಮಾರಾಯ್ರೆ.

ನನ್ನ ಅಪ್ಪನದ್ದು ಹೇಳ್ತೇನೆ. ಬೈಂದೂರು ಬದಿಯವರು, ಮೀಸೆ ಬರುವ ಮೊದಲೇ ಮುಂಬೈ ಹತ್ತಿದ್ದು, ಫೋರ್ಟಲ್ಲಿ ಕ್ಯಾಂಟೀನ್, ಹಗಲು ಕಪ್ಪು ತೊಳೆಯುದು ರಾತ್ರಿ ಕನ್ನಡ ನೈಟ್ ಸ್ಕೂಲು, ಆಮೇಲೆ ಸ್ವಂತ ಗಲ್ಲಾ. ಇಡೀ ದಿನ ನಿಂತು ನಿಂತು ಗಂಟುನೋವು, ಅದಕ್ಕೆ ಪಕ್ಕದ ಮೆಡಿಕಲ್ಲಿಂದ ನೋವಿನ ಮಾತ್ರೆ, ಚೀಟಿ ಗೀಟಿ ಎಂತದ್ದೂ ಇಲ್ಲ, ಹತ್ತು ಹದಿನೈದು ವರ್ಷ ಹಾಗೇ ನಡೀತು. ಬಿಪಿ ಉಂಟು ಅಂತ ಗೊತ್ತಾದದ್ದೇ ಕಣ್ಣಿನ ಪೊರೆ ಆಪರೇಶನ್ನಿಗೆ ಹೋದಾಗ, ಅಲ್ಲಿ ರಕ್ತ ನೋಡಿದ್ರೆ ಕ್ರಿಯೇಟಿನಿನ್ (ಕಿಡ್ನಿ ಕೆಟ್ರೆ ರಕ್ತದಲ್ಲಿ ಏರುವ ಕಸ) 4 ಚಿಲ್ಲರೆ.

ಅವರನ್ನೂ ಒಂದು ಸ್ಟಡಿಗೆ ಕೇಳಿದ್ರು. ಅಪ್ಪ ಒಪ್ಪಿದ್ರು, ಪಾಪದವರು, ಡಾಕ್ಟ್ರು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಗೊತ್ತಿಲ್ಲ. ಪ್ರಶ್ನೆ ಪಟ್ಟಿಯಲ್ಲಿ "ಮನೆಯಲ್ಲಿ ಬೇರೆ ಯಾರಿಗಾದ್ರೂ ಕಿಡ್ನಿ ಕಾಯಿಲೆ ಉಂಟಾ" ಅಂತ ಇತ್ತು. ಅಪ್ಪ ಇಲ್ಲ ಅಂದ್ರು. ಹೊರಗೆ ಬಂದು ನಾನು ಕೇಳಿದೆ, ದೊಡ್ಡಪ್ಪನಿಗೆ ಕಾಲು ಮುಖ ಬಾತು ಹೋದದ್ದಲ್ವಾ, ಊರಲ್ಲಿ ಎಲ್ರೂ ಕಿಡ್ನಿ ಅಂತಲೇ ಹೇಳ್ತಿದ್ರಲ್ವಾ. ಅಪ್ಪ ಒಂದೇ ಮಾತು, "ತಂಗಿಗೆ ಗಂಡು ನೋಡ್ತಾ ಇದ್ದೇವೆ, ಸುಮ್ನಿರು".

ಹಾಗಾಗಿ ಅಕ್ಕ, ಸಹಿ ಹಾಕಿದವರು ಹೇಳಿದ್ದೆಲ್ಲ ಸತ್ಯ ಅಂತಲೂ ತಿಳ್ಕೊಳ್ಬೇಡಿ.

ಸೊಲ್ಲಾಪುರ ಸಿದ್ದ · 10:31

ನಾ ನೇರಾನೇರ ಹೇಳ್ತೀನಿ ಸಿಟ್ಟ ಆಗಬ್ಯಾಡ್ರಿ. ಬಡವರ ರಕ್ತ ಬೇಕು, ಬಡವರ ಮಾಂಸ ಬೇಕು, ಆಮ್ಯಾಲ ಅದನ್ನ ಪರದೇಶಕ್ಕ ಕಳಸಿ ಔಷಧ ಮಾಡಿ ನಮಗ ಲಕ್ಷಕ್ಕ ಮಾರ್ತೀರಿ. ನಮ್ ಮಂದಿ ದಡ್ಡರು ಅಂತ ತಿಳಿಬ್ಯಾಡ್ರಿ, ಕಿಡ್ನಿ ಮಾರೂ ದಂಧೆ ಸುದ್ದಿ ಪೇಪರಿನಾಗ ಎಲ್ಲಾರೂ ಓದ್ಯಾರ. "ತುಣುಕು ತಗೀತೀವಿ" ಅಂದ್ರ ಯಾವ ಗ್ಯಾರಂಟಿ ಮ್ಯಾಲ ನಂಬ್ಬೇಕು? ನಾನಾದ್ರೂ ಎದ್ದ ಬರ್ತಿದ್ದೆ, ಅಜ್ಜಗ ನಂದೊಂದು ಶರಣು.

ನೈಟ್ ಡ್ಯೂಟಿ ಡಾಕ್ಟ್ರು (ಮುಂಬೈ) · 11:40

ನೆಫ್ರಾಲಜಿ, ಅಂದ್ರೆ ಕಿಡ್ನಿ ವಿಭಾಗದ ರೆಸಿಡೆಂಟ್ ಡಾಕ್ಟ್ರು ನಾನು, ಊರು ಮೈಸೂರು. ವಾರ್ಡ್ ಸ್ವಲ್ಪ ತಣ್ಣಗಿದೆ ಅದಕ್ಕೆ ಬರೀತಿದೀನಿ, ಮಧ್ಯ ಎದ್ದು ಹೋದ್ರೆ ಕ್ಷಮಿಸಿ.

ಸಿದ್ದ ಅವರ ಅನುಮಾನ ತಪ್ಪಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಎಲ್ಲಾ ಥರದ ಜನ ಯಾಕೆ ಬೇಕು ಅನ್ನೋದು. ಸಿಕೆಡಿ (ವರ್ಷಗಟ್ಟಲೆ ಇರೋ ಕಿಡ್ನಿ ಕಾಯಿಲೆ) ಅನ್ನೋದು ನಿಜ ಹೇಳ್ಬೇಕಂದ್ರೆ ಒಂದು ಕಾಯಿಲೆ ಹೆಸರೇ ಅಲ್ಲ, ಜ್ವರ ಅಂದಂಗೆ. ಮಲೇರಿಯಾಗೂ ಜ್ವರ ಬರುತ್ತೆ ಟೈಫಾಯ್ಡ್‌ಗೂ ಬರುತ್ತೆ, ಎರಡಕ್ಕೂ ಒಂದೇ ಮಾತ್ರೆ ಕೊಟ್ರೆ ಹೇಗೆ. ಕಿಡ್ನಿ ವಿಷಯದಲ್ಲಿ ನಾವಿನ್ನೂ ಹೆಚ್ಚುಕಮ್ಮಿ ಥರ್ಮಾಮೀಟರ್ ಹಂತದಲ್ಲೇ ಇದೀವಿ, ಕ್ರಿಯೇಟಿನಿನ್ ಎಷ್ಟು, ಉಚ್ಚೆಯಲ್ಲಿ ಪ್ರೋಟೀನ್ ಎಷ್ಟು, ಅಷ್ಟೇ. ಶುಗರ್ ಇದ್ದು ಕಿಡ್ನಿ ಹೋದ್ರೆ ಶುಗರ್‌ನಿಂದಲೇ ಹೋಗಿದ್ದು ಅಂತ ಬರ್ಕೋತೀವಿ, ಸಾಮಾನ್ಯವಾಗಿ ಬಯಾಪ್ಸಿನೂ ಮಾಡಲ್ಲ, ಹಾಗಾಗಿ ಅತಿ ಹೆಚ್ಚು ಜನಕ್ಕೆ ಬರೋ ಕಾಯಿಲೆಯ ಟಿಶ್ಯೂನೇ ನಮ್ಮತ್ರ ಅತಿ ಕಡಿಮೆ ಇರೋದು.

ಅಮೆರಿಕಾದಲ್ಲಿ ಇದಕ್ಕೇ ಅಂತ 2017ರಲ್ಲಿ ಕಿಡ್ನಿ ಪ್ರಿಸಿಷನ್ ಮೆಡಿಸಿನ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ರು, ಕೆಪಿಎಂಪಿ ಅಂತಾರೆ, ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡು. ಶುಗರ್, ಬಿಪಿಯಿಂದ ಕಿಡ್ನಿ ಕೆಟ್ಟವರು, ದಿಢೀರ್ ಅಂತ ಕಿಡ್ನಿ ಕೈಕೊಟ್ಟವರು, ಇವರ ಹತ್ರ ಕೇಳಿ ಒಪ್ಪಿಗೆ ತಗೊಂಡು ರಿಸರ್ಚ್‌ಗೋಸ್ಕರವೇ ಬಯಾಪ್ಸಿ ಮಾಡ್ತಾರೆ. ಒಂದೊಂದು ಸೆಲ್ ಬಿಡಿಸಿ ನೋಡಿ ಕಿಡ್ನಿಯ ಅಟ್ಲಾಸ್ ಥರ ಮಾಡ್ತಿದಾರೆ, ಅದು ಆನ್‌ಲೈನ್‌ನಲ್ಲಿ ಎಲ್ರಿಗೂ ಓಪನ್, 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ದೊಡ್ಡ ಪೇಪರ್ ಬಂತು. ನಂಗೆ ಅದಕ್ಕಿಂತ ಇಷ್ಟ ಆಗಿದ್ದು ಅಂದ್ರೆ ಸ್ಟಡಿ ಹೇಗೆ ನಡೀಬೇಕು ಅಂತ ತೀರ್ಮಾನ ಮಾಡೋ ಕಮಿಟಿಗಳಲ್ಲಿ ಪೇಶಂಟ್‌ಗಳೂ ಕೂತಿದಾರೆ. ಬಯಾಪ್ಸಿಯಲ್ಲಿ ಏನು ಕಾಣಿಸ್ತು ಅನ್ನೋದನ್ನ ಕೊಟ್ಟವರಿಗೆ ವಾಪಸ್ ಹೇಳ್ತಾರೆ.

ಅಲ್ಲಿ ಆಫ್ರಿಕಾ ಮೂಲದ ಅಮೆರಿಕನ್ನರು ಜನಸಂಖ್ಯೆಯಲ್ಲಿ ಸುಮಾರು 13% ಇದ್ರೆ ಕಿಡ್ನಿ ಫೇಲ್ಯೂರ್ ಆದವರಲ್ಲಿ 30%ಗೂ ಮೇಲೆ ಇದಾರೆ. ತುಂಬಾ ವರ್ಷ ಬಡತನ, ಬಿಪಿ ಅಂತ ಹೇಳಿ ಸುಮ್ನಾಗಿದ್ರು, ಅದೂ ಸುಳ್ಳಲ್ಲ, ಆದ್ರೆ 2010ರಲ್ಲಿ ಅಪೊಲ್1 ಅನ್ನೋ ಜೀನ್ ಸಿಕ್ತು. ಪಶ್ಚಿಮ ಆಫ್ರಿಕಾ ಮೂಲದ ಎಷ್ಟೋ ಜನರಲ್ಲಿ ಅದರ ಎರಡು ಬದಲಾದ ರೂಪಗಳಲ್ಲಿ ಒಂದಾದ್ರೂ ಇರುತ್ತೆ, ಅವು ಅಲ್ಲಿನ ನಿದ್ರೆ ಕಾಯಿಲೆಯ ಪರಾವಲಂಬಿಯಿಂದ ಕಾಪಾಡ್ತವೆ, ಆದ್ರೆ ಅಪ್ಪ ಅಮ್ಮ ಇಬ್ರಿಂದಲೂ ಬಂದ್ರೆ ಕಿಡ್ನಿಗೆ ಅಪಾಯ ಜಾಸ್ತಿ. ಈಗ ಅದನ್ನೇ ಗುರಿ ಮಾಡಿ ಮಾತ್ರೆ ಟ್ರಯಲ್‌ನಲ್ಲಿದೆ. ಬಿಳಿಯರನ್ನಷ್ಟೇ ಸ್ಟಡಿ ಮಾಡ್ತಾ ಕೂತಿದ್ರೆ ಆ ಜೀನ್ ಯಾವ ಕಾಲಕ್ಕೂ ಸಿಗ್ತಿರ್ಲಿಲ್ಲ.

ಹಿಂಗೆ ಆಗೋದೂ ಉಂಟು ನೋಡಿ: ಕ್ರಿಯೇಟಿನಿನ್‌ನಿಂದ ಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಅಂಕಿ) ಲೆಕ್ಕ ಹಾಕೋ ಸೂತ್ರದಲ್ಲಿ ಪೇಶಂಟ್ ಕಪ್ಪು ವರ್ಣದವರಾದ್ರೆ ಉತ್ತರವನ್ನ 1.159ರಿಂದ ಗುಣಿಸೋರು. ಅಂದ್ರೆ ಕಾಗದದ ಮೇಲೆ ಅವರ ಕಿಡ್ನಿ ಇರೋದಕ್ಕಿಂತ ಚೆನ್ನಾಗಿ ಕಾಣಿಸ್ತಿತ್ತು, ಟ್ರಾನ್ಸ್‌ಪ್ಲಾಂಟ್ ಲಿಸ್ಟ್‌ಗೆ ತಡವಾಗಿ ಹೋಗ್ತಿದ್ರು. 2021ರಲ್ಲಿ ಅದನ್ನ ತೆಗೆದು ಹೊಸ ಸೂತ್ರ ತಂದ್ರು. ಒಂದು ಗುಣಾಕಾರ, ಅಷ್ಟೇ, ಎಷ್ಟು ವರ್ಷ ಯಾರೂ ಪ್ರಶ್ನೆ ಮಾಡದೆ

ಬಂದೆ, ಕರೀತಿದಾರೆ

ಹಿಂಜವಡಿ ಕೂಲಿ · ಮರುದಿನ ಬೆಳಗ್ಗೆ 7:55

ಕಂಪನಿ ಬಸ್ಸಲ್ಲಿ ಕೂತು ಎಲ್ಲಾ ಓದ್ದೆ. ಡಾಕ್ಟ್ರೇ ಒಂದು ಡೌಟು, ಅಮೆರಿಕಾದಲ್ಲಿ ಕಪ್ಪು ಬಿಳಿ ಲೆಕ್ಕ ಸರಿ, ನಮ್ಮಲ್ಲಿ ಎಲ್ರೂ ಇಂಡಿಯನ್ಸೇ ಅಲ್ವಾ, ಕೋಥ್ರೂಡ್ ಅಂಕಲ್ ಸ್ಯಾಂಪಲ್ ತಗೊಂಡ್ರೂ ಯಾದಗಿರಿ ಅಣ್ಣನ ಸ್ಯಾಂಪಲ್ ತಗೊಂಡ್ರೂ ಏನ್ ವ್ಯತ್ಯಾಸ?

ನೈಟ್ ಡ್ಯೂಟಿ ಡಾಕ್ಟ್ರು · 8:40

ನೈಟ್ ಮುಗೀತು. ಒಂದೇ ಡಬ್ಬಿಗೆ ಹಾಕೋಕಾಗಲ್ಲ. ನಮ್ಮಲ್ಲಿ ಜಾತಿಯೊಳಗೇ, ಎಷ್ಟೋ ಕಡೆ ಬಳಗದೊಳಗೇ ಮದುವೆ ಆಗ್ತಾ ನೂರಾರು ವರ್ಷ ಆಗಿದೆ. ನಮ್ಮ ಕರ್ನಾಟಕದಲ್ಲಂತೂ ಅಕ್ಕನ ಮಗಳನ್ನ ತಂದ್ಕೊಳ್ಳೋದು, ಸೋದರತ್ತೆ ಮಗನಿಗೆ ಕೊಡೋದು ಎಲ್ಲಾ ಮಾಮೂಲಿ. ಕೆಲವು ಕಿಡ್ನಿ ಕಾಯಿಲೆ ಅಪ್ಪ ಅಮ್ಮ ಇಬ್ರ ಹತ್ರಾನೂ ಆ ಜೀನ್ ಅವಿತಿದ್ರೆ ಮಾತ್ರ ಮಗುಗೆ ಬರೋದು, ಪ್ರತಿ ಹೆರಿಗೆಗೂ ನಾಲ್ಕರಲ್ಲೊಂದು ಸಾಧ್ಯತೆ. ಸಂಬಂಧದಲ್ಲೇ ಮದುವೆ ಆದ್ರೆ ಅವು ಹೆಚ್ಚಾಗಿ ಹೊರಗೆ ಬರ್ತವೆ. ಇದನ್ನೆಲ್ಲ ಯುರೋಪಿನ ಡೇಟಾ ಇಟ್ಕೊಂಡು ನೋಡಕ್ಕಾಗುತ್ತಾ. ಜಿನೋಮ್ ಇಂಡಿಯಾದವರು, ಬೆಂಗಳೂರಿನ ಐಐಎಸ್‌ಸಿ ಆವರಣದ ಬ್ರೇನ್ ರಿಸರ್ಚ್ ಸೆಂಟರ್ ಮುಂದಾಳತ್ವ ಅದಕ್ಕೆ, 10,000 ಜನರ ಜೀನೋಮ್ ಓದಿ 2025ರ ಜನವರಿಯಲ್ಲಿ ಡೇಟಾ ಬಿಟ್ರು. ಬೇರೆ ಬೇರೆ ಸಮುದಾಯಗಳಿಂದ ಹುಡುಕಿ ಹುಡುಕಿ ತಗೊಂಡಿದ್ದು ಯಾಕೆ ಅಂದ್ರೆ ಇದಕ್ಕೇ.

ಜೀನ್ ಬಿಡಿ, ಬದುಕೋ ರೀತಿ ತಗೊಳ್ಳಿ. ಕೋಥ್ರೂಡ್ ಅಂಕಲ್ ಏಸಿಯಲ್ಲಿದಾರೆ, ಯಾದಗಿರಿ ಅಣ್ಣ ಏಪ್ರಿಲ್ ಬಿಸ್ಲಲ್ಲಿ ಸ್ಲ್ಯಾಬ್ ಹಾಕ್ತಿದಾನೆ, ಕುಡಿಯೋ ನೀರು ಬೇರೆ, ಮೈಯಲ್ಲಿ ಮಾಂಸ ಬೇರೆ. ಮಾಂಸಖಂಡ ಕಡಿಮೆ ಇದ್ರೆ ಕ್ರಿಯೇಟಿನಿನ್ ಕೂಡ ಕಡಿಮೆ ಹುಟ್ಟುತ್ತೆ, ರಿಪೋರ್ಟ್ ನಾರ್ಮಲ್ ಅನ್ಸುತ್ತೆ, ಒಳಗೆ ಕಿಡ್ನಿ ಸವೀತಾ ಇರುತ್ತೆ. ಸಣಕಲು ಕೂಲಿಯವನಿಗೆ 1.3 ಅಂದ್ರೆ ಜಿಮ್ ಹುಡುಗನ 1.3 ಅಲ್ಲ.

ಈಗ ಮಲಗ್ತೀನಿ.

ವಾಸ್ಕೋ ಬಸಣ್ಣ (ಗೋವಾ) · 10:20

ನಾವು ಬಾಗಲಕೋಟಿ ಕಡಿಯವ್ರು, ವಾಸ್ಕೋದಾಗ ಇಪ್ಪತ್ತು ವರ್ಷ ಆತು, ಲೇಬರ್ ಕಾಂಟ್ರಾಕ್ಟು. ಡಾಕ್ಟ್ರು ನೀರು ಬಿಸಲು ಅಂದ್ರಲ್ಲ, ಅದಕ್ಕ ಬರಿಯಾಕತ್ತೀನಿ. ಕಾರವಾರ ದಾಟಿ ಗೋವಾ ಒಳಗ ಬಂದ್ರ ಮೊದಲ ಸಿಗೂದ ಕಾಣಕೋಣ ತಾಲೂಕು. ಅಲ್ಲಿ ಶುಗರ್ ಇಲ್ದ ಬಿಪಿ ಇಲ್ದ ಕಿಡ್ನಿ ಹೋಗೂದು ಬಾಳ ವರ್ಷದಿಂದ ನಡದದ, ಕಾರಣ ಗೊತ್ತಿಲ್ಲದ ಕಿಡ್ನಿ ಕಾಯಿಲೆ ಅಂತ ಹೆಸ್ರ ಇಟ್ಟಾರ. ಆಂಧ್ರದ ಶ್ರೀಕಾಕುಳಂ ಜಿಲ್ಲಾ ಉದ್ದಾನಂದಾಗೂ ಹಂಗ ಐತಿ. ಬಾವಿ ನೀರು ತಗೊಂಡು ಪರೀಕ್ಷಾ ಮಾಡ್ಯಾರ, ಸಿಲಿಕಾ ಅಂತಾರ ಸೀಸ ಅಂತಾರ, ಇದ ಅಂತ ಗಟ್ಟಿ ತೀರ್ಮಾನ ಆಗಿಲ್ಲ.

ನಂದೊಂದು ಪ್ರಶ್ನಿ. ಊರವ್ರ ಲೆಕ್ಕ ತಗೊಳ್ತಾರ, ಅಲ್ಲೇ ಹೊಲದಾಗ, ಕಟ್ಟಡದಾಗ ದುಡಿಯೂ ನಮ್ ಮಂದಿ ಲೆಕ್ಕ ಯಾರ್ ತಗೊಳ್ತಾರ? ನಮ್ ಹುಡುಗುರು ಎಂಟು ತಿಂಗಳು ಇಲ್ಲಿ, ನಾಕ ತಿಂಗಳು ಊರಾಗ. ಕಾಲು ಬಾತ್ರ ಬಸ್ಸು ಹತ್ತಿ ಊರಿಗೆ ಹೋಗ್ತಾರ, ಅಲ್ಲಿ ಸಾಯ್ತಾರ. ಗೋವಾದ ಲೆಕ್ಕಕ್ಕೂ ಇಲ್ಲ ಬಾಗಲಕೋಟಿ ಲೆಕ್ಕಕ್ಕೂ ಇಲ್ಲ. ನಿಮ್ ಫೋನ್ ಸ್ವಿಚ್ ಆಫ್ ಆದ ಪೇಶಂಟು ಎಲ್ಲಿ ಹೋಗ್ಯಾನ ಅಂತ ನಾ ಹೇಳ್ತೀನಿ ತಂಗಿ. ಊರ ಸಿಮ್ ಹಾಕ್ಯಾನ.

ಇನ್ನ ಪಗಾರದ್ದು. ಬಯಾಪ್ಸಿ ಅಂದ್ರ ಒಂದ್ ದಿನ ಮಲಗಬೇಕು, ಆಮ್ಯಾಲ ಭಾರ ಎತ್ತಂಗಿಲ್ಲ ಅಂತೀರಿ. ಭಾರ ಎತ್ತೂದ ಅವನ ಹೊಟ್ಟಿಪಾಡು. ಅದರ ರೊಕ್ಕ ಯಾರ್ ಕೊಡ್ತಾರ ಹೇಳ್ರಿ ಮೊದಲ.

ಧಾರವಾಡದಾಕಿ · 1:05

ಬಸಣ್ಣಾರ, ಊರ ಸಿಮ್ ಮಾತು ಖರೇನ ನನ್ ತಲಿಗೆ ಹೊಳದಿದ್ದಿಲ್ಲ. ಫಾರ್ಮಿನಾಗ ಒಂದ ನಂಬರಿಗೆ ಜಾಗ ಅದ. ಇನ್ನ ಮ್ಯಾಲ ಊರ ನಂಬರ್, ಮುಕಾದಮನ ನಂಬರ್ ಎರಡೂ ತಗೊಳ್ಳಾಕ ಬರ್ತದೇನ ಅಂತ ಕೇಳ್ತೀನಿ, ಮುಕಾದಮನ ನಂಬರ್ ತಗೊಂಡ್ರ ಅವಗ ಕಾಯಿಲೆ ಗೊತ್ತಾಗಿ ಕೆಲಸದಿಂದ ತಗದಾನು, ಅದೂ ಒಂದು ಐತಿ.

ರೊಕ್ಕದ್ದು: ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವ್ರ 2017ರ ಗೈಡ್‌ಲೈನ್ ಪ್ರಕಾರ ಎಥಿಕ್ಸ್ ಕಮಿಟಿ (ಸ್ಟಡಿಯಾಗ ಪೇಶಂಟಿಗೆ ಅನ್ಯಾಯ ಆಗಬಾರದು ಅಂತ ನೋಡೂ ಕಮಿಟಿ) ಒಪ್ಪಿದ್ರ ಬಸ್ ಚಾರ್ಜಷ್ಟ ಅಲ್ಲ, ತಪ್ಪಿದ ಪಗಾರ ಸುದ್ದಾ ಕೊಡಾಕ ಬರ್ತದ. ಆಸೆ ಹಚ್ಚಿ ಸೇರಸೂವಷ್ಟು ಕೊಡಬಾರದು ಅಷ್ಟ. ಸ್ಟಡಿಯಿಂದ ಏನರ ಅಪಾಯ ಆದ್ರ ಪುಕ್ಕಟೆ ಇಲಾಜು, ಪರಿಹಾರ ಎರಡೂ ಕೊಡ್ಬೇಕು. ಆದ್ರ ನಮ್ ಬಜೆಟ್ ಬರದವ್ರು ಬಸ್ ಚಾರ್ಜ್ ಅಷ್ಟ ಬರದಾರ. ಯಾಕ ಅಂದ್ರ ಅವ್ರ ಕಣ್ಣ ಮುಂದ ಇದ್ದ ಪೇಶಂಟ್ ಕಾರ್ ತಗೊಂಡು ಬರಾಂವ.

ಸಿದ್ದ ಅವ್ರಿಗೆ: ಪರದೇಶದವ್ರ ಜೋಡಿ ಸೇರಿ ಮಾಡೂ ಸ್ಟಡಿ, ಸ್ಯಾಂಪಲ್ ಹೊರಗ ಕಳಸೂದು, ಇದಕ್ಕ ಆರೋಗ್ಯ ಮಂತ್ರಾಲಯದ ಸ್ಕ್ರೀನಿಂಗ್ ಕಮಿಟಿ ಒಪ್ಪಿಗಿ ಬೇಕ. ನಮ್ ಸ್ಟಡಿದು ಹೊರಗ ಹೋಗೂದಿಲ್ಲ. ಇಷ್ಟು ನಾ ಹೇಳಬಲ್ಲೆ. ನಾಳಿ ಬರೂ ಔಷಧ ನಿಮಗ ಸೋವಿ ಸಿಗ್ತದ ಅಂತ ನಾ ಹೇಳಿದ್ರ ಅದು ಸುಳ್ಳಾಗ್ತದ.

ಆಯುರ್ ಮಿತ್ರ · 1:30

ಸುಮ್ನೆ ಯಾಕೆ ಸೂಜಿ ಗೀಜಿ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಳನೀರು ಕುಡೀರಿ, ಕಿಡ್ನಿ ತೊಳೆದಂಗಾಗುತ್ತೆ. ನಮ್ಮ ಮಾವನಿಗೆ ಹೀಗೇ ವಾಸಿ ಆಯ್ತು.

ವಾರಕ್ಕ ಮೂರು ಸಲ (ಡೊಂಬಿವ್ಲಿ) · 2:15

ಆಯುರ್ ಮಿತ್ರ ಅವರೇ, ದಯವಿಟ್ಟು ಬೇಡಿ. ಎಳನೀರಲ್ಲಿ ಪೊಟ್ಯಾಷಿಯಂ ತುಂಬಾ ಇರುತ್ತೆ, ಕೆಟ್ಟ ಕಿಡ್ನಿಗೆ ಅದನ್ನ ಹೊರಗೆ ಹಾಕೋಕೆ ಬರಲ್ಲ, ಹೃದಯ ನಿಂತು ಹೋಗಬಹುದು. ನಮ್ಮ ಸೆಂಟರ್‌ನಲ್ಲಿ ಒಬ್ಬರು ಹೀಗೇ ಎರಡು ಎಳನೀರು ಕುಡಿದು ಬಂದಿದ್ರು, ಅವತ್ತು ಎಲ್ಲರೂ ಓಡಾಡಿದ್ದು ನೋಡಿದ್ರೆ ನೀವು ಹೀಗೆ ಬರೀತಿರ್ಲಿಲ್ಲ.

ನಾನು ಡಯಾಲಿಸಿಸ್‌ನಲ್ಲಿದೀನಿ, ನಾಲ್ಕನೇ ವರ್ಷ. ಈಗಲೂ ಬಲಗೈಯಲ್ಲಿ ಟೈಪ್ ಮಾಡ್ತಿದೀನಿ, ಎಡಗೈ ಮಷೀನಿಗೆ. ಧಾರವಾಡದಕ್ಕ, ನಿಮಗೆ ನನ್ನಂಥವರ ಮಾತು ಬೇಕಿತ್ತು ಅಂದ್ಕೋತೀನಿ, ಯಾಕಂದ್ರೆ ನಾನು ಸಹಿ ಹಾಕಿದವಳು.

ಆರು ವರ್ಷದ ಹಿಂದೆ, ಇಲ್ಲಿಯ ಒಂದು ಆಸ್ಪತ್ರೆ. ಕಾಲು ಬಾತು ಹೋಗಿದ್ದೆ, ಉಚ್ಚೆ ಬಿಯರ್ ಥರ ನೊರೆ. ಬಯಾಪ್ಸಿ ಬೇಕು ಅಂದ್ರು. ಹೊಟ್ಟೆ ಅಡಿ ದಿಂಬು ಇಟ್ಟು ಬೋರಲು ಮಲಗಿಸ್ತಾರೆ, ಬೆನ್ನಿಗೆ ಮರಗಟ್ಟೋ ಇಂಜೆಕ್ಷನ್, ಅದು ಉರಿ. ಆಮೇಲೆ ಉಸಿರು ಹಿಡ್ಕೊಳ್ಳಿ ಅಂತಾರೆ, ಹಿಡ್ಕೊಂಡಾಗ ಟಕ್ ಅಂತ ಸದ್ದು. ನೋವಿಗಿಂತ ಆ ಸದ್ದಿಗೇ ಬೆಚ್ಚಿಬಿದ್ದೆ, ಸ್ಟೇಪ್ಲರ್ ಹೊಡೆದ ಹಾಗೆ, ಆದ್ರೆ ನಿಮ್ಮ ಒಳಗೆ. ಮೂರು ಸಲ ಟಕ್. ಮೂರನೇದು ಸ್ಟಡಿಗೆ ಅಂತ ನಂಗೆ ಆಮೇಲೆ ಗೊತ್ತಾಗಿದ್ದು, ಸಹಿ ಹಾಕಿದ್ದು ನಿಜ, ಓದಿರಲಿಲ್ಲ, ಮರಾಠಿ ಇಂಗ್ಲಿಷ್ ಎರಡೇ ಇತ್ತು, ನಮ್ಮ ಯಜಮಾನ್ರು "ಹಾಕು ಹಾಕು" ಅಂದ್ರು. ಆರು ಗಂಟೆ ಅಲ್ಲಾಡದೆ ಮಲಗು ಅಂದ್ರು, ಉಚ್ಚೆಯಲ್ಲಿ ಎರಡು ದಿನ ರಕ್ತ ಬಂತು, ನಿಂತ್ಹೋಯ್ತು.

ನನಗೆ ಸೂಜಿ ಬಗ್ಗೆ ಸಿಟ್ಟಿಲ್ಲ. ಅದರ ನಂತರ ಯಾರೂ ಒಂದು ಫೋನ್ ಮಾಡಲಿಲ್ಲ ಅನ್ನೋದಕ್ಕೆ ಸಿಟ್ಟಿದೆ. ಆ ಮೂರನೇ ಎಳೆ ಏನಾಯ್ತು? ಫ್ರಿಜ್ಜಲ್ಲಿದೆಯಾ? ಯಾರಾದ್ರೂ ನೋಡಿದ್ರಾ? ನೋಡಿ ಏನಾದ್ರೂ ಕಂಡ್ರಾ? ಸ್ಟಡಿಯ ಹುಡುಗಿ ಕೆಲಸ ಬಿಟ್ಟಳು, ಅವಳ ಜಾಗಕ್ಕೆ ಬಂದವಳಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ನನ್ನ ಮೈಯ ಒಂದು ಭಾಗ ಎಲ್ಲೋ ಇದೆ, ನಂಬರ್ ಹಚ್ಚಿದ ಡಬ್ಬಿಯಲ್ಲಿ, ನಾನು ಇಲ್ಲಿ ಮಷೀನ್ ಪಕ್ಕ. ಅಮೆರಿಕಾದವರು ಕೊಟ್ಟವರಿಗೆ ರಿಪೋರ್ಟ್ ವಾಪಸ್ ಹೇಳ್ತಾರೆ ಅಂತ ಡಾಕ್ಟರ್ ಬರೆದಿದ್ದನ್ನ ಎರಡು ಸಲ ಓದಿದೆ.

ಇನ್ನೊಂದು, ಹೆಂಗಸರ ವಿಷಯ. ನಮ್ಮ ದೇಶದಲ್ಲಿ ಬದುಕಿದ್ದಾಗ ಕಿಡ್ನಿ ಕೊಡೋರಲ್ಲಿ ಹೆಂಗಸರೇ ಜಾಸ್ತಿ, ತಗೊಳ್ಳೋರಲ್ಲಿ ಗಂಡಸರೇ ಜಾಸ್ತಿ. ನಿಮ್ಮ ಲಿಸ್ಟಲ್ಲೂ ಹೆಂಗಸರು ಕಡಿಮೆ ಇರ್ತಾರೆ, ಎಣಿಸಿ ನೋಡಿ. ಅವರು ಆಸ್ಪತ್ರೆಗೇ ಕೊನೆಗೆ ಬರೋದು, ಬಂದಾಗ ಕಿಡ್ನಿ ಒಣಗಿ ಸಣ್ಣದಾಗಿರುತ್ತೆ, ಆಗ ಬಯಾಪ್ಸಿ ಮಾಡಿಯೂ ಪ್ರಯೋಜನ ಇಲ್ಲ ಅಂತ ಡಾಕ್ಟರೇ ಹೇಳ್ತಾರೆ.

ನರ್ಸ್ ಬೈತಿದಾರೆ, ಕೈ ಅಲ್ಲಾಡಿಸಬೇಡಿ ಅಂತ.

ಸೊಲ್ಲಾಪುರ ಸಿದ್ದ · 2:50

ಅಕ್ಕಾರ, ನಿಮ್ ಮುಂದ ಏನ್ ವಾದ ಮಾಡ್ಲಿ. ಆದ್ರ ನಾ ಹೇಳಿದ್ದೂ ಅದ ಅಲ್ಲೇನ್ರೀ? ತಗೊಂಡು ಹೋಗ್ತಾರ, ತಿರುಗಿ ನೋಡಂಗಿಲ್ಲ.

ವಾರಕ್ಕ ಮೂರು ಸಲ · 5:40

ಈಗ ಮನೆಗೆ ಬಂದೆ. ನಿಮ್ಮ ಮಾತು ಅರ್ಧ ಒಪ್ತೀನಿ ತಮ್ಮಾ. ಇನ್ನರ್ಧ ಏನು ಅಂದ್ರೆ ಫೋನ್ ಮಾಡಿ "ಅಕ್ಕಾ ಇನ್ನೊಂದು ಸಲ ಬರ್ತೀರಾ" ಅಂದಿದ್ರೆ ನಾನು ಹೋಗ್ತಿದ್ದೆ. ನನ್ನ ಮಗಳಿಗೆ ಈಗ ಹತ್ತೊಂಬತ್ತು. ನನಗೆ ಯಾಕೆ ಬಂತು ಅಂತ ಗೊತ್ತಾದ್ರೆ ಅವಳಿಗೆ ಬರುತ್ತೋ ಇಲ್ವೋ ಗೊತ್ತಾಗ್ಬಹುದು. ಅದೊಂದೇ ಆಸೆ.

ಮಾಟುಂಗಾ ಮಾಣಿ · 6:05

ನಿಮ್ಮ ಮಗಳ ಮಾತು ಓದಿದ ಮೇಲೆ ಒಂದು ಹೇಳ್ಬೇಕು. ನನಗೆ ಮೂವತ್ತನಾಲ್ಕು, ಬಿಪಿ 150 ಹತ್ರ ಬರ್ತಾ ಉಂಟು, ಅಪ್ಪ, ದೊಡ್ಡಪ್ಪ ಇಬ್ಬರ ಕಥೆ ಗೊತ್ತಿದ್ದೂ ಉಚ್ಚೆ ಪರೀಕ್ಷೆ ಮಾಡಿಸ್ಲಿಲ್ಲ ಇನ್ನೂ. ಹೆದರಿಕೆ. ಎಂತ ಇಲ್ಲದವ ಎಂತಕ್ಕೆ ಹೋಗಿ ಇಲ್ಲದ್ದು ಹುಡುಕುದು ಅಂತ.

ನೈಟ್ ಡ್ಯೂಟಿ ಡಾಕ್ಟ್ರು · 7:30

ಮಾಣಿ ಅವರೇ ನಾಳೆನೇ ಮಾಡ್ಸಿ. ಉಚ್ಚೆಯಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್, ರಕ್ತದಲ್ಲಿ ಕ್ರಿಯೇಟಿನಿನ್, ಎರಡೇ, ದೊಡ್ಡ ಖರ್ಚಲ್ಲ. ನೋವಿನ ಮಾತ್ರೆ ನೀವೂ ತಗೋತಿದ್ರೆ ನಿಲ್ಸಿ.

ನಿಜ ಹೇಳ್ಬೇಕಂದ್ರೆ ರಿಸರ್ಚ್‌ಗೆ ಬೇಕಾಗಿರೋರು ನಿಮ್ಮಂಥವರೇ, ಸಿಗದೇ ಇರೋರೂ ನಿಮ್ಮಂಥವರೇ. ಕಿಡ್ನಿ ಅರ್ಧ ಹೋಗೋ ತನಕ ಮೈಗೆ ಏನೂ ಗೊತ್ತಾಗಲ್ಲ. ಆರಾಮಾಗಿರೋ ಮನುಷ್ಯ ಒಂದು ದಿನದ ಕೆಲಸ ಬಿಟ್ಟು, ಬೆನ್ನಿಗೆ ಸೂಜಿ ಹಾಕಿಸ್ಕೊಂಡು, ತನಗೆ ಲಾಭ ಇಲ್ಲದ ಕೆಲಸಕ್ಕೆ ಬಾ ಅಂದ್ರೆ ಯಾಕ್ ಬರ್ತಾನೆ. ಬೇರೆಯವರಿಗೆ ಹೇಳೋ ನಾನೇ ಹೋಗ್ತೀನಾ ಅಂತ ಕೇಳ್ಕೊಂಡೆ, ಉತ್ತರ ಬರಲಿಲ್ಲ.

ಸಿದ್ದ ಅವರಿಗೆ ಬಾಕಿ ಇತ್ತು. ಅಮೆರಿಕಾದಲ್ಲಿ ಟಸ್ಕೀಗೀ ಅನ್ನೋ ಊರಲ್ಲಿ 1932ರಿಂದ 1972ರ ತನಕ ನೂರಾರು ಕಪ್ಪು ವರ್ಣದ ಗಂಡಸರಿಗೆ ಸಿಫಿಲಿಸ್ ಇದೆ ಅಂತ ಗೊತ್ತಿದ್ದೂ, ಮಧ್ಯೆ ಪೆನಿಸಿಲಿನ್ ಬಂದ್ಮೇಲೂ ಕೊಡದೆ ಬರೀ ನೋಡ್ತಾ ಕೂತಿದ್ರು, ಸರ್ಕಾರದ ಡಾಕ್ಟ್ರುಗಳೇ. ಅವರ ಮೊಮ್ಮಕ್ಕಳು ಇವತ್ತು ಕಿಡ್ನಿ ಬಯಾಪ್ಸಿ ಕೊಡಿ ಅಂದ್ರೆ ಹಿಂದೆ ಸರಿಯೋದಕ್ಕೆ ಕಾರಣ ಇಲ್ಲದೆ ಇಲ್ಲ. ಔಷಧದ ಬೆಲೆ ಬಗ್ಗೆ ಮಾತ್ರ ಒಂದು ಒಳ್ಳೆ ಸುದ್ದಿ, ಡಾಪಾಗ್ಲಿಫ್ಲೋಜಿನ್ ಅಂತ ಶುಗರ್ ಮಾತ್ರೆ, 2020ರಲ್ಲಿ ದೊಡ್ಡ ಟ್ರಯಲ್‌ನಲ್ಲಿ ಶುಗರ್ ಇಲ್ಲದವರ ಕಿಡ್ನಿಗೂ ಒಳ್ಳೇದು ಅಂತ ಗೊತ್ತಾಯ್ತು, ಅದೇ ವರ್ಷ ಇಲ್ಲಿ ಪೇಟೆಂಟ್ ಮುಗೀತು, ಇಲ್ಲಿಯ ಕಂಪನಿಗಳು ಮಾಡೋಕೆ ಶುರು ಮಾಡಿ ರೇಟು ಇಳೀತು. ಯಾವಾಗ್ಲೂ ಹೀಗಾಗಲ್ಲ, ಒಪ್ತೀನಿ.

ಧಾರವಾಡದಾಕಿ · 9:35

ಎರಡು ದಿನದಿಂದ ನಿಮ್ ಎಲ್ಲಾರ ಮಾತು ಡೈರ್ಯಾಗ ಬರಕೊಂಡೀನಿ. ಡೊಂಬಿವ್ಲಿ ಅಕ್ಕಾರ ಮಾತು ಓದಿ ನಮ್ ಫ್ರೀಜರ್ ರೂಮಿಗೆ ಹೋಗಿ ನಿಂತಿದ್ದೆ ಸುಮ್ನ. ಪೆಟ್ಟಿಗಿ ಮ್ಯಾಲ ನಂಬರ್ ಅಷ್ಟ ಇರ್ತಾವ, ಅದು ಗುಟ್ಟು ಕಾಯಾಕ, ನಿಯಮನ ಹಂಗ ಐತಿ. ಆದ್ರ ಆ ನಂಬರ್ ಹಿಂದಿನವ್ರಿಗೆ ನಾ ಹೋದ ವರ್ಷ ಎಷ್ಟ ಮಂದಿಗೆ ಫೋನ್ ಮಾಡಿ "ನಿಮ್ ಸ್ಯಾಂಪಲ್‌ದು ಇಷ್ಟ ಕೆಲ್ಸ ಆತು" ಅಂದೀನಿ ಅಂತ ಲೆಕ್ಕ ಹಾಕಿದೆ. ಒಬ್ಬರಿಗೂ ಇಲ್ಲ. ಸ್ಯಾಂಪಲ್ ಬೇಕಾದಾಗಷ್ಟ ಫೋನ್ ಮಾಡೀನಿ.

ಫಾರ್ಮಿನ ಆ ಒಂದು ಸಾಲು ತಿದ್ದೀನಿ, ನೋಡ್ರಿ. ಎಥಿಕ್ಸ್ ಕಮಿಟಿ ಮುಂದ ಇಡಬೇಕು, ಅವ್ರು ಒಪ್ಪೂತನಕ ಒಂದ ಶಬ್ದ ಸುದ್ದಾ ಬದಲಿ ಮಾಡಂಗಿಲ್ಲ:

"ನಿಮ್ ಕಿಡ್ನಿ ಯಾಕ ಕೆಟ್ಟದ ಅಂತ ನೋಡಾಕ ಡಾಕ್ಟ್ರು ಬೆನ್ನಾಗಿಂದ ಸೂಜಿ ಹಾಕಿ ಶಾವಿಗಿ ಎಳಿ ಹಂಗ ಸಣ್ಣ ಚೂರು ತಗೀತಾರ. ಅದು ನಿಮ್ ಇಲಾಜಿಗೆ. ಅದ ಹೊತ್ತಿನಾಗ ಇನ್ನೊಂದ ಸಲ ಸೂಜಿ ಹಾಕಿ ಅಷ್ಟ ದೊಡ್ಡ ಎಳಿ ನಾವು ಕೇಳಾಕತ್ತೀವಿ. ಇದು ನಿಮ್ ಇಲಾಜಿಗೆ ಅಲ್ಲ, ಕಲಿಯಾಕ. ಕಿಡ್ನಿ ನಿಮ್ ಮೈಯಾಗ ಇರ್ತದ, ಅದನ್ನ ತಗಿಯೂದಿಲ್ಲ. ರಕ್ತ ಬರಬಹುದು. ಒಲ್ಲೆ ಅಂದ್ರೂ ನಿಮ್ ಇಲಾಜು ನಿಲ್ಲೂದಿಲ್ಲ, ಇವತ್ತ ಹೂಂ ಅಂದು ನಾಳಿ ಒಲ್ಲೆ ಅಂದ್ರೂ ನಡೀತದ."

ಮಾಟುಂಗಾ ಮಾಣಿ · 9:48

ಶಾವಿಗೆ ಅಂದ್ರೆ ನಮ್ಮ ಬದಿಯವರಿಗೆ ಒತ್ತು ಶಾವಿಗೆ ನೆನಪಾಗ್ತದೆ ಮಾರಾಯ್ರೆ, ಅದು ನಿಮ್ಮದರ ಹಾಗಲ್ಲ, ದಪ್ಪ! ಅಪ್ಪ ಓದಿದ್ರೆ ಅಲ್ಲಿಂದಲೇ ಓಡ್ತಾರೆ. ನೂಲು ಅಂತ ಹಾಕಿ.

ವಾಸ್ಕೋ ಬಸಣ್ಣ · 9:55

ನಮ್ ಕಡಿಯವ್ರಿಗೆ ಕೈಲೆ ಹೊಸೆದ ಶಾವಿಗಿ ಅಂದ್ರ ತಿಳೀತದ. ಎರಡ ಫಾರ್ಮ್ ಮಾಡ್ರಿ, ಘಟ್ಟದ ಮ್ಯಾಲಿಂದೊಂದು ಕೆಳಗಿಂದೊಂದು 😄

ಪಗಾರದ ಸಾಲು ಎಲ್ಲೈತಿ?

ವಾರಕ್ಕ ಮೂರು ಸಲ · 10:10

ಟಕ್ ಅಂತ ಸದ್ದಾಗುತ್ತೆ ಅಂತ ಸೇರಿಸಿ. ಯಾರೂ ಹೇಳಿರಲ್ಲ ಅದನ್ನ. ಮತ್ತೆ ನೋವಾಗಲ್ಲ ಅಂತ ಮಾತ್ರ ಯಾರಾದ್ರೂ ಹೇಳಿಕೊಟ್ರೆ ಬರೀಬೇಡಿ, ನೀವು ಬರೆದಿಲ್ಲ, ಒಳ್ಳೇದು.

ಸೊಲ್ಲಾಪುರ ಸಿದ್ದ · 10:22

"ಕಲಿಯಾಕ" ಅಂದ್ರ ಯಾರ್ ಕಲಿಯೂದು? ಡಾಕ್ಟರಕಿ ಕಲಿಯೂ ಹುಡುಗುರು ನಮ್ ಮ್ಯಾಲ ಕೈ ತಿದ್ದಕೊಳ್ತಾರ ಅಂತ ತಿಳ್ಕೊಂತಾರ. ಅದನ್ನ ತಗೀರಿ. "ಈ ಕಾಯಿಲೆ ಯಾಕ ಬರ್ತದ ಅಂತ ಹುಡಕಾಕ" ಅಂತ ಬರೀರಿ.

ಧಾರವಾಡದಾಕಿ · 10:41

ಸಿದ್ದ ಅವ್ರ, ಅದು ಖರೇ ಬರೋಬರಿ, ತಗದೆ. ಟಕ್ ಸದ್ದೂ ಹಾಕಿದೆ. ನೂಲು ಬ್ಯಾಡ ಶಾವಿಗಿನ ಇರಲಿ, ಮಾಣಿಯವ್ರ ಅಪ್ಪಾರಿಗೆ ನಾ ಖುದ್ದ ಹೇಳ್ತೀನಿ. ಪಗಾರದ್ದು ಬ್ಯಾರೆ ಅರ್ಜಿ ಬರಿಯಾಕತ್ತೀನಿ ಬಸಣ್ಣಾರ, ಅದಕ್ಕ ಸಾಹೇಬ್ರು ಗೊಣಗ್ತಾರ, ನೋಡೂಣು.

ಅಂದಹಂಗ ಅಫಜಲಪುರ ಅಜ್ಜನ ಮಗ ಇವತ್ತ ಫೋನ್ ಮಾಡಿದ್ದ. ಸ್ಟಡಿಗೆ ಅಲ್ಲ. ಅಪ್ಪನ ಗುಳಗಿ ಚೀಟಿ ಕಳದದ, ಇನ್ನೊಂದು ಸಿಗ್ತದೇನ್ರೀ ಅಂತ. ತಗೊಂಡು ಬಾ ಸೋಮವಾರ ಅಂದೀನಿ.

ಡೊಂಬಿವ್ಲಿ ಅಕ್ಕಾರ, ಹೊಸಾ ಫಾರ್ಮ್ ಪೂರ್ತಿ ನಿಮಗ ಓದಿ ತೋರಸ್ಬೇಕು ಅಂತದ, ಕಮಿಟಿಗೆ ಹೋಗೂಕಿಂತ ಮೊದಲ. ನಾಳಿ ಫೋನ್ ಮಾಡ್ಲ್ಯಾ?

ವಾರಕ್ಕ ಮೂರು ಸಲ · 10:58

ನಾಳೆ ಡಯಾಲಿಸಿಸ್ ಇಲ್ಲ, ಆರಾಮಾಗಿರ್ತೀನಿ. ಹನ್ನೊಂದರ ಮೇಲೆ ಮಾಡಿ, ಅಷ್ಟರಲ್ಲಿ ಮಗಳು ಕಾಲೇಜಿಗೆ ಹೋಗಿರ್ತಾಳೆ. ಅವಳ ಎದುರಿಗೆ ಬೇಡ.